ಚೀಟಿ ಓದಿ ಹೇಳುವವರು ಬೇಕು

(ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಓದುಗರೊಬ್ಬರ ಪತ್ರದ ಸಾರ: "ನಮ್ಮ ಪಕ್ಕದ ಮನೆಯಾಕೆಗೆ ಐವತ್ತು ದಾಟಿದೆ. ಬೀಡಿ ಕಟ್ಟಿ ಬದುಕುವವರು. ಎದೆಯಲ್ಲಿ ಗಂಟು ಇರುವುದನ್ನು ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಪೇಟೆಯಲ್ಲಿ ಕ್ಯಾನ್ಸರ್ ತಪಾಸಣೆ ಶಿಬಿರ ಆಯಿತು. ನೋಟೀಸು ಮಲಯಾಳದಲ್ಲಿತ್ತು. ನಮ್ಮ ಕಾಲನಿಯಿಂದ ಒಬ್ಬರೂ ಹೋಗಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಅರಿಶಿನ ತಿನ್ನಿ, ನುಗ್ಗೆಸೊಪ್ಪು ತಿನ್ನಿ ಅಂತ ಬರೆಯುತ್ತೀರಿ. ಅದರಿಂದ ನಮಗೇನು ಪ್ರಯೋಜನ? ದೊಡ್ಡ ಆಸ್ಪತ್ರೆ ಹತ್ತಿರ ಇಲ್ಲದ ಊರಿನವರು ನಾವು ಏನು ಮಾಡಬಹುದು?")

ಸಂಪಾದಕರ ಉತ್ತರ:

ಮೊದಲು ನಿಮ್ಮ ಪಕ್ಕದ ಮನೆಯಾಕೆಯ ಮಾತು. ಈ ಪುಟ ಓದಿ ಮುಗಿಸುವ ಮೊದಲೇ ಅವರ ಮನೆಗೆ ಹೋಗಿ. ಎದೆಯ ಗಂಟುಗಳಲ್ಲಿ ಜಾಸ್ತಿ ಪಾಲು ಕ್ಯಾನ್ಸರ್ ಅಲ್ಲ. ಅದನ್ನು ಅವರಿಗೆ ಹೇಳಿ, ಹೆದರಿಕೆ ಸ್ವಲ್ಪ ಇಳಿಯುತ್ತದೆ. ಆದರೆ "ನೋವಿಲ್ಲ, ಹಾಗಾಗಿ ಏನೂ ಇಲ್ಲ" ಅಂತ ಅವರು ಹೇಳಿದರೆ ಒಪ್ಪಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಸ್ಕ್ಯಾನ್ ಆಗಬೇಕು, ಬೇಕಾದರೆ ಸೂಜಿ ಹಾಕಿ ಪರೀಕ್ಷೆ ಆಗಬೇಕು. ಒಂದು ದಿನದ ಬೀಡಿ ಮಜೂರಿ ಹೋಗುತ್ತದೆ ಅಂತ ಅವರು ಮುಂದೆ ಹಾಕುತ್ತಿರಬಹುದು. ಎಣಿಸಿ ಎಣಿಸಿ ಖರ್ಚು ಮಾಡುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ನೀವು ಜೊತೆಗೆ ಹೋಗಿ.

ಅರಿಶಿನ, ನುಗ್ಗೆಸೊಪ್ಪಿನ ಬಗ್ಗೆ ನೀವು ಹೇಳಿದ್ದು ಸರಿ. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಊಟಕ್ಕೆ ಅವೆಲ್ಲ ಒಳ್ಳೆಯದೇ. ಆದರೆ ಗಂಟು ಬಚ್ಚಿಟ್ಟುಕೊಂಡು ಕೂತವರಿಗೆ ಅಂಥ ಲೇಖನ ಇನ್ನೂ ನಾಲ್ಕು ತಿಂಗಳು ಕಾಯಲು ಒಂದು ನೆಪ ಆಗುತ್ತದೆ. ಇನ್ನು ಮುಂದೆ ಹಾಗೆ ಬರೆಯುವುದಿಲ್ಲ.

ನನ್ನ ಚಿಕ್ಕಮ್ಮನ ಕತೆ ಹೇಳುತ್ತೇನೆ. ಬದಿಯಡ್ಕ ಕಡೆಯವರು. ಮನೆಮಾತು ತುಳು, ಓದಿದ್ದು ಕನ್ನಡದಲ್ಲಿ ನಾಲ್ಕನೇ ಕ್ಲಾಸು. ಬಲಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಇತ್ತು. ಸಾರಿನ ಖಾರ ತಾಗಿದರೆ ಉರಿ. ಊಟಕ್ಕೆ ಮಜ್ಜಿಗೆ ಅನ್ನ ಮಾತ್ರ ಸಾಕು ಅನ್ನುತ್ತಿದ್ದರು, ವಯಸ್ಸಾಯಿತು ಅಂತ ನಾವೆಲ್ಲ ಅಂದುಕೊಂಡೆವು. ಕೊನೆಗೆ ಮಗ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಔಷಧದ ಸಾಲಿನಲ್ಲಿ ನಿಂತಿದ್ದಾಗ ನರ್ಸ್ ಚಿಕ್ಕಮ್ಮನ ಕೈಗೆ ಚೀಟಿ ಕೊಟ್ಟು "ಅಡುತ್ತ ಆಳ್ಚ ವರಣಂ" ಅಂದರು. ಮುಂದಿನ ವಾರ ಬರಬೇಕು ಅಂತ. ಚಿಕ್ಕಮ್ಮ ತಲೆಯಾಡಿಸಿದರು. ದೊಡ್ಡವರ ಎದುರು ಗೊತ್ತಾಗಲಿಲ್ಲ ಅನ್ನುವುದು ಅವರಿಗೆ ಅಭ್ಯಾಸ ಇರಲಿಲ್ಲ. ಮನೆಗೆ ಬಂದು "ಎಲ್ಲ ಸರಿ ಇದೆಯಂತೆ" ಅಂದರು. ನಾಲ್ಕು ತಿಂಗಳ ನಂತರ ನೀರು ನುಂಗಲೂ ಕಷ್ಟವಾದಾಗ ಆ ಚೀಟಿ ಹುಡುಕಿದೆವು. ಎಲೆ ಅಡಿಕೆಯ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಬಯಾಪ್ಸಿಗೆ, ಅಂದರೆ ಮಚ್ಚೆಯ ಒಂದು ಚೂರು ತೆಗೆದು ಪರೀಕ್ಷೆ ಮಾಡಲು, ಬರಬೇಕು ಅಂತ ಅದರಲ್ಲಿ ಬರೆದಿತ್ತು.

ನರ್ಸ್ ಕೆಟ್ಟವರಲ್ಲ. ಮಗನೂ ಅಸಡ್ಡೆಯವನಲ್ಲ. ಚೀಟಿ ಓದಿ ಹೇಳುವವರು, ಮುಂದಿನ ವಾರ ಬಂದು ಬಾಗಿಲು ತಟ್ಟುವವರು ಒಬ್ಬರು ಇರಲಿಲ್ಲ, ಅಷ್ಟೇ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ.

ದೊಡ್ಡ ಆಸ್ಪತ್ರೆ ಇಲ್ಲದೆ ಏನಾಗುತ್ತದೆ ಅಂತ ಕೇಳಿದ್ದೀರಿ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಹೆಂಗಸರ ನಡುವೆ ಕೆಲಸ ಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ. ಹತ್ತನೇ ಕ್ಲಾಸು ಓದಿದ, ಕೆಲವು ವಾರ ತರಬೇತಿ ಪಡೆದ ಹೆಂಗಸರು. ಅವರು ಎದೆಯನ್ನು ಕೈಯಿಂದ ಪರೀಕ್ಷಿಸಿದರು. ಗರ್ಭಕೋಶದ ಬಾಯಿಗೆ (ಗರ್ಭಕಂಠಕ್ಕೆ) ವಿನೆಗರ್‌ನಂಥ ದ್ರಾವಣ ಹಚ್ಚಿ, ಬಿಳಿಯಾಗುತ್ತದಾ ಅಂತ ನೋಡಿದರು. ಗರ್ಭಕಂಠದ ಕ್ಯಾನ್ಸರ್‌ನಿಂದ ಆಗುವ ಸಾವು ಶೇ 31ರಷ್ಟು ಇಳಿಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಸುಮಾರು ಶೇ 30 ಕಡಿಮೆಯಾಯಿತು. ನಿಮ್ಮ ಪಕ್ಕದ ಮನೆಯಾಕೆಯ ವಯಸ್ಸು ಅದೇ ಅಲ್ವಾ?

ನಮ್ಮ ರಾಜ್ಯದಲ್ಲೇ ಇನ್ನೊಂದು ನಡೆದಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಲ್ಲಿ ಶುರುವಾದ ಅಧ್ಯಯನ. ಏಳು ಪಂಚಾಯತುಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ, ಬಾಯಿ ತೆರೆಸಿ, ಟಾರ್ಚ್ ಹಿಡಿದು ನೋಡಿದರು. 2005ರಲ್ಲಿ ಲೆಕ್ಕ ಬಂತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇರುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಚಿಕ್ಕಮ್ಮನ ಮಚ್ಚೆ ಒಂದು ಟಾರ್ಚ್ ಬೆಳಕಿಗೆ ಕಾಣುತ್ತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಮೂವತ್ತು ದಾಟಿದ ಎಲ್ಲರಿಗೂ ಬಾಯಿಯ ತಪಾಸಣೆ, ಹೆಂಗಸರಿಗೆ ಎದೆ, ಗರ್ಭಕಂಠದ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡ ಹೆಂಗಸರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಎಣ್ಮಕಜೆಯಂಥ ಊರಿನಲ್ಲಿ ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. 2000ದ ಹೊತ್ತಿಗೆ ಅದು ನಿಂತಿತು. ಆಮೇಲೆ ಎಷ್ಟು ಜನ ಪುಸ್ತಕ ಹಿಡಿದು ಬಂದರು, ಎಷ್ಟು ಸಲ ಹೆಸರು ಬರೆದುಕೊಂಡು ಹೋದರು! ಬರೆದುಕೊಂಡು ಹೋದವರು ತಿರುಗಿ ಬರಲಿಲ್ಲ ಅನ್ನುವ ಬೇಸರ ಜನರಲ್ಲಿ ಇದ್ದೇ ಇದೆ. ಹಾಗಾಗಿ ಹೊರಗಿನವರ ಶಿಬಿರಕ್ಕಿಂತ ಕಾಲನಿಯವರೇ ಒಬ್ಬರು ಮುಂದೆ ಬಂದರೆ ಕೆಲಸ ಆಗುತ್ತದೆ. ಕೊರಗ ಬುಡಕಟ್ಟಿನವರ ಕಾಲನಿಗಳಿಗಂತೂ ಹಗಲು ಹೋಗಿ ಪ್ರಯೋಜನವಿಲ್ಲ. ಕೂಲಿಗೆ ಹೋದವರು ಸಂಜೆಯೇ ಸಿಗುವುದು.

ಕಷ್ಟದ ಒಂದು ಮಾತು ಹೇಳಲೇಬೇಕು. ನಮ್ಮ ಓದುಗರಲ್ಲಿ ಅಡಿಕೆ ಬೆಳೆಗಾರರು ಜಾಸ್ತಿ. ನನ್ನ ಮನೆಯ ಅಕ್ಕಿಯೂ ಅಡಿಕೆಯಿಂದಲೇ ಬಂದದ್ದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪನ್ನು ಮಾತ್ರ ಅಲ್ಲ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಜಗತ್ತಿನ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ ಅಂತ ಅದರ ಲೆಕ್ಕ. ಪೂಜೆಗೆ, ಮದುವೆಗೆ, ಭೂತದ ಕೋಲಕ್ಕೆ ಎಲೆ ಅಡಿಕೆ ಬೇಕೇ ಬೇಕು, ಅದನ್ನು ಬಿಡಿ ಅನ್ನುತ್ತಿಲ್ಲ. ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವವರ ಬಾಯಿಯನ್ನು ಆಗಾಗ ನೋಡಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಖಾರ ತಾಗಿದರೆ ಉರಿ. ಇಷ್ಟು ಕಂಡರೆ ತೋರಿಸಲೇಬೇಕು.

ಎಲ್ಲಿಗೆ ಹೋಗುವುದು ಅನ್ನುವುದು ಗಡಿಯವರ ಹಳೆಯ ಸಂಕಟ. ಮಂಗಳೂರು ಹತ್ತಿರ, ಕಾಸರಗೋಡಿನಿಂದ ಸುಮಾರು 50 ಕಿ.ಮೀ. ಅಲ್ಲಿ ನಮ್ಮ ಮಾತು ಗೊತ್ತು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅದರ ಎರಡು ಪಟ್ಟು ದೂರ. ಆದರೆ ಅದು ನಮ್ಮ ರಾಜ್ಯದ್ದು, ಖರ್ಚು ಕಡಿಮೆ. 2020ರಲ್ಲಿ ಕೊರೊನಾ ಹೊತ್ತಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ನಿಂತದ್ದನ್ನು ಮರೆಯಲು ಆಗುವುದಿಲ್ಲ. ಆದ್ದರಿಂದ ನನ್ನ ಸಲಹೆ: ಮೊದಲ ಪರೀಕ್ಷೆಯನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಮಾಡಿಸಿ. ಸರಕಾರದ ಆರೋಗ್ಯ ವಿಮೆಯ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಮಂಗಳೂರಿಗೆ ಹೊರಡುವ ಮೊದಲು ಆ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಕ್ಲಾಸಿನಲ್ಲಿ ರೈಲು ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಬೇಕು. ಇದು ಗೊತ್ತಿಲ್ಲದೆ ಪೂರ್ತಿ ಹಣ ಕೊಟ್ಟು ಹೋಗುವವರನ್ನು ನೋಡಿದ್ದೇನೆ.

ನಿಮ್ಮ ಕಾಲನಿಯಲ್ಲಿ ಕುಟುಂಬಶ್ರೀಯ ಅಯಲ್ಕೂಟ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು) ಇರಬೇಕಲ್ಲ? ವಾರಕ್ಕೊಮ್ಮೆ ಹೆಂಗಸರು ಸೇರಿಯೇ ಸೇರುತ್ತಾರೆ. ಅಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ತೋರಿಸಿದರು, ಏನು ಹೇಳಿದರು, ಮತ್ತೆ ಯಾವತ್ತು ಹೋಗಬೇಕು, ಜೊತೆಗೆ ಯಾರು ಹೋಗುತ್ತಾರೆ. ಕೊನೆಯ ಎರಡನ್ನು ಖಾಲಿ ಬಿಡಬೇಡಿ. ಪುಸ್ತಕ ಒಬ್ಬರ ಹತ್ತಿರವೇ ಇರಲಿ, ಅದರಲ್ಲಿರುವುದು ಬಾಯಿಂದ ಬಾಯಿಗೆ ಹೋಗಬಾರದು. ಗುಟ್ಟು ಬಯಲಾಗುತ್ತದೆ, ಮಗಳ ಮದುವೆಗೆ ತೊಂದರೆಯಾಗುತ್ತದೆ ಅಂತಲೇ ಎಷ್ಟೋ ಜನ ಮುಚ್ಚಿಡುವುದು.

ನೋಟೀಸಿನ ವಿಷಯಕ್ಕೆ ಪಂಚಾಯತಿಗೆ ಒಂದು ಅರ್ಜಿ ಬರೆಯಿರಿ, ಕನ್ನಡದಲ್ಲೇ. ರಾಜ್ಯದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಇದು ಭಾಷೆಯ ಜಗಳ ಅಲ್ಲ, ಹಾಗೆ ಆಗಲು ಬಿಡಬೇಡಿ. ಆಶಾ ಕಾರ್ಯಕರ್ತೆಯೂ ನಮ್ಮವರೇ.

ರೋಗ ತುಂಬ ಮುಂದೆ ಹೋಗಿದ್ದರೂ ಕೈಬಿಡುವ ಮಾತಿಲ್ಲ. 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ನೋವು ಇಳಿಸಿ ರೋಗಿಯನ್ನು ನೋಡಿಕೊಳ್ಳುವುದಕ್ಕೆ, ನೀತಿ ಮಾಡಿದ ರಾಜ್ಯ ನಮ್ಮದು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಚಿಕ್ಕಮ್ಮನ ಕೊನೆಯ ಎರಡು ತಿಂಗಳು ನೋವು ತಡೆಯುವಂತಾದದ್ದು ಅವರಿಂದಲೇ. ಗಾಯ ತೊಳೆಯುವಾಗ ಆ ನರ್ಸ್ ತುಳುವಿನಲ್ಲಿ ಮಾತಾಡುತ್ತಿದ್ದರು. ಚಿಕ್ಕಮ್ಮ ಬೆಳಗ್ಗೆಯಿಂದಲೇ ಬಾಗಿಲು ನೋಡುತ್ತಿದ್ದರು.

ಮುಂದಿನ ಸಂಚಿಕೆಯ ನಡುವಿನ ಹಾಳೆಯನ್ನು ಹರಿದು ಗೋಡೆಗೆ ಅಂಟಿಸುವ ಹಾಗೆ ಮಾಡುತ್ತೇವೆ. ದೊಡ್ಡ ಅಕ್ಷರ, ಮೇಲೆ ಹೇಳಿದ ಲಕ್ಷಣಗಳು, ರೈಲಿನ ರಿಯಾಯಿತಿ. ಕ್ಯಾನ್ಸರ್ ಅನ್ನುವ ಬದಲು ನಿಮ್ಮ ಕಡೆಯ ಹೆಂಗಸರು "ಆ ಕಾಯಿಲೆ" ಅನ್ನುತ್ತಾರೋ ಬೇರೆ ಏನಾದರೂ ಅನ್ನುತ್ತಾರೋ, ಕೇಳಿ ತಿಳಿಸಿ. ಅವರ ಮಾತನ್ನೇ ಹಾಕೋಣ.

ನಿಮ್ಮ ಪಕ್ಕದ ಮನೆಯಾಕೆ ಹೋಗಿ ಬಂದ ದಿನ ಒಂದು ಸಾಲು ಬರೆಯಿರಿ. ಅವರ ಕೈಗೆ ಕೊಟ್ಟ ಚೀಟಿ ಮಲಯಾಳದಲ್ಲಿದ್ದರೆ ಫೋಟೊ ತೆಗೆದು ಕಳಿಸಿ. ನಮ್ಮ ಕಚೇರಿಯಲ್ಲಿ ಓದಿ ಹೇಳುವವರು ಇದ್ದಾರೆ.