ಗೋಗಿ ಯುರೇನಿಯಂನಿಂದ ಬಾಂಬ್ ಆಗುತ್ತಾ?

ಸರ್, "ನಮ್ಮ ರಾಯಚೂರಿನ ಪಕ್ಕ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆಯಂತೆ, ಅಗೆದರೆ ಬಾಂಬ್ ಮಾಡಬಹುದಾ" ಅಂತ ಕೇಳಿದ್ದೀರಿ. ಸುಮ್ನೆ ಅಗೆದರೆ ಆಗುವುದಿಲ್ಲ. ಅದಿರು ತೆಗೆಯುವುದು ಸುಲಭದ ಭಾಗ.

ನೆಲದಿಂದ ಬರುವ ಯುರೇನಿಯಂನಲ್ಲಿ ಬಾಂಬ್‌ಗೆ ಬೇಕಾದ ಯುರೇನಿಯಂ-235 ಎಂಬ ಬಗೆ ಇರುವುದು ಶೇ. 0.7 ಮಾತ್ರ. ಸಾವಿರ ಜೋಳದ ಕಾಳಿನಲ್ಲಿ ಏಳು ಮಾತ್ರ ಬೇರೆ, ನೋಡೋಕೆ ಎಲ್ಲವೂ ಒಂದೇ ಥರ ಅಂದುಕೊಳ್ಳಿ. ರಾಸಾಯನಿಕ ಹಾಕಿ ಬೇರ್ಪಡಿಸೋಣ ಅಂದರೆ ಗುಣವೂ ಒಂದೇ. ತೂಕದಲ್ಲಿ ಚೂರು ವ್ಯತ್ಯಾಸ, ಅಷ್ಟೇ. ಆ ಚೂರನ್ನೇ ನಂಬಿ ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಓಕ್ ರಿಡ್ಜ್ ಎಂಬ ಊರಿನಲ್ಲಿ ಬೇರ್ಪಡಿಸುವ ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಿತು. ಯುದ್ಧಕಾಲದಲ್ಲಿ ತಾಮ್ರ ಸಾಲದೆ, ಹಗುರ-ಭಾರ ಬೇರ್ಪಡಿಸುವ ಅಲ್ಲಿನ ಅಯಸ್ಕಾಂತಗಳ ಸುರುಳಿಗೆ ಸರ್ಕಾರಿ ಖಜಾನೆಯಿಂದ 13 ಸಾವಿರ ಟನ್‌ಗೂ ಜಾಸ್ತಿ ಬೆಳ್ಳಿಯನ್ನು ಸಾಲ ತಂದರು!

ಆ ಕಾರ್ಖಾನೆಗಳ ಅದಿರಿನಲ್ಲಿ ಹೆಚ್ಚಿನದು ಬಂದದ್ದು ಕಾಂಗೋದ ಶಿಂಕೊಲೊಬ್ವೆ ಗಣಿಯಿಂದ. ವಿಜ್ಞಾನಿಗಳ ಹೆಸರು ಎಲ್ಲರಿಗೂ ಗೊತ್ತು, ಅಲ್ಲಿ ಅಗೆದ ಕೂಲಿಗಳನ್ನು ಯಾರೂ ಕೇಳುವುದಿಲ್ಲ, ಅಲ್ವಾ?

1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಹಾಕಿದ ಬಾಂಬ್‌ನಲ್ಲಿ ಸುಮಾರು 64 ಕೆ.ಜಿ. ಯುರೇನಿಯಂ ಇತ್ತು. ಅದರಲ್ಲಿ ಪರಮಾಣು ಒಡೆದು ಶಕ್ತಿ ಕೊಟ್ಟದ್ದು ಸುಮಾರು ಒಂದು ಕೆ.ಜಿ. ಮಾತ್ರ. ವರ್ಷದ ಕೊನೆಯೊಳಗೆ ಸುಮಾರು 1.4 ಲಕ್ಷ ಜನ ಸತ್ತರು.

ನಮ್ಮ ಕೈಗಾ ರಿಯಾಕ್ಟರ್‌ಗಳು ಬೇರ್ಪಡಿಸದ ಯುರೇನಿಯಂನಲ್ಲೇ ನಡೆಯುತ್ತವೆ. ಆದರೆ ರಿಯಾಕ್ಟರ್‌ನಲ್ಲಿ ಬಳಸಿದ ಯುರೇನಿಯಂನಲ್ಲಿ ಪ್ಲುಟೋನಿಯಂ ಎಂಬ, ಬಾಂಬ್‌ಗೆ ಆಗುವ ಇನ್ನೊಂದು ಲೋಹ ಹುಟ್ಟುತ್ತದೆ. ನಾಗಸಾಕಿಯ ಬಾಂಬ್ ಅದರದ್ದೇ, 1974ರ ಪೋಖ್ರಾನ್ ಪರೀಕ್ಷೆಯೂ ಅದರದ್ದೇ. ಅದಕ್ಕೇ ಇವತ್ತಿಗೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಗಣಿಗಿಂತ ಬೇರ್ಪಡಿಸುವ ಕಾರ್ಖಾನೆ, ಬಳಸಿದ ಇಂಧನದ ಮೇಲೆ ಜಾಸ್ತಿ ಕಣ್ಣಿಡುತ್ತಾರೆ. ಗೋಗಿಯ ವಿಷಯದಲ್ಲಿ ನನ್ನನ್ನು ಕೇಳಿದರೆ, ಬಾಂಬ್‌ಗಿಂತ ಮೊದಲು ಸುತ್ತಲಿನ ಊರುಗಳ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಸೇರಿದೆಯಾ ಅಂತ ವಿಚಾರಿಸಬೇಕು.