ಮೂವತ್ತು ದಿನ ಕೂಲಿ ಬಿಟ್ಟರೆ ಮನೆ ನಡೆಯೋದು ಹೇಗೆ?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದ ಅವರಿಗೆ 38 ವರ್ಷ. ಬಯಲುಸೀಮೆಯ ಒಂದು ಎಪಿಎಂಸಿಯಲ್ಲಿ ಹಮಾಲಿ. ಮೂಟೆ ಹೊತ್ತು ಹೊತ್ತು ಬಲಭುಜ ಕೈಕೊಟ್ಟಿದೆ. ತರಬೇತಿ ಕೇಳಲು ಹೋದರೆ ವಯಸ್ಸಾಯ್ತು ಅಂದರಂತೆ. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಗೆ ಸಾಮಾನ್ಯವಾಗಿ 35ರ ಮಿತಿ ಇದೆ, ನಿಜ. ಇವರು ಮಾತ್ರ ಇನ್ನೆಲ್ಲೂ ದಾರಿಯಿಲ್ಲ ಅಂತ ಕೈಚೆಲ್ಲಿ ಕೂತಿದ್ದರು.

ಬ್ಯಾಂಕುಗಳು ನಡೆಸುವ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಬಗ್ಗೆ ಹೇಳಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿ ಅದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತೋ ಕೋರ್ಸ್ 30 ದಿನ. ಬೋರ್‌ವೆಲ್ ನಂಬಿದ ಊರಲ್ಲಿ ಬೇಸಿಗೆ ಬಂತೆಂದರೆ ಮೋಟಾರು ಸುಡುತ್ತಲೇ ಇರುತ್ತವೆ, ಅಲ್ವಾ? ತಾಮ್ರದ ತಂತಿ ಎಷ್ಟು ಸುತ್ತು ಬಂತು ಅಂತ ತಪ್ಪದೆ ಎಣಿಸಬೇಕು. ದಿನವಿಡೀ ಮೂಟೆ ಲೆಕ್ಕ ತಲೆಯಲ್ಲೇ ಇಡುವವರಿಗೆ ಇದೇನು ಹೊಸದಲ್ಲ. ಹುಡುಗರ ಪಕ್ಕ ಕೂರಲು ನಾಚಿಕೆ ಅಂದರು. ಆ ಮಾತಿನ ಹಿಂದೆ ಬೇರೆ ಭಯವಿತ್ತು: ತಿಂಗಳು ಕೂಲಿ ಇಲ್ಲದಿದ್ದರೆ ಒಲೆ ಹೊತ್ತೋದು ಹೇಗೆ?

ಮುಂದಿನ ಸಲ ಹೆಂಡತಿಯನ್ನೂ ಕರೆಸಿದೆ. ಮನೆ ಲೆಕ್ಕ ಗೊತ್ತಿದ್ದದ್ದು ಆಕೆಗೇ. ಗೃಹಲಕ್ಷ್ಮಿಯ 2,000 ರೂಪಾಯಿ, ರೇಷನ್ ಅಕ್ಕಿ ಇತ್ತು. ಆದರೆ ಫೈನಾನ್ಸಿನವರ ವಾರದ ಕಂತೂ ಇತ್ತು. ಆ ತಿಂಗಳ ಕಂತಿಗೆ ಮಾತ್ರ ಸ್ವಸಹಾಯ ಸಂಘದ ಆಂತರಿಕ ಸಾಲ (ಸದಸ್ಯರ ಉಳಿತಾಯದಿಂದಲೇ ಕೊಡೋದು) ತಗೊಳ್ಳಿ, ಖರ್ಚಿಗೆ ಹೊಸ ಫೈನಾನ್ಸ್ ಬೇಡವೇ ಬೇಡ ಅಂದೆ. "ಸಂಘದಲ್ಲಿ ನಾನು ಕೇಳ್ತೀನಿ" ಅಂದರು ಆಕೆ. ಗಂಡ ತಲೆ ತಗ್ಗಿಸಿದರು.

ಉಳಿದ ಸಲಹೆ ಇಷ್ಟು. ಮೊದಲು ಭುಜವನ್ನು ಡಾಕ್ಟರಿಗೆ ತೋರಿಸಿ. ತಂತಿ ಸುತ್ತೋದು ಕೂತು ಮಾಡೋ ಕೆಲಸವೇ, ಆದರೆ ಮೋಟಾರು ಎತ್ತಲು ಜೊತೆಗೊಬ್ಬರು ಬೇಕು. ಕಲಿತ ಕೂಡಲೇ ಅಂಗಡಿ ಹಾಕಬೇಡಿ, ಕೆಲವು ತಿಂಗಳು ಹೋಬಳಿಯ ಹಳೇ ಅಂಗಡಿಯಲ್ಲಿ ಕೈ ಪಳಗಿಸಿ. ಆಮೇಲೆ ಮುದ್ರಾ ಶಿಶು ಸಾಲ ಕೇಳಬಹುದು, 50,000ದವರೆಗೆ, ಅಡಮಾನ ಬೇಡ. ರೈತರು ಸುಗ್ಗಿಗೆ ಕೊಡ್ತೀವಿ ಅಂತಾರೆ. ತಂತಿಯ ದುಡ್ಡನ್ನಾದರೂ ಮುಂಗಡ ಪಡೆಯಿರಿ, ಇಲ್ಲದಿದ್ದರೆ ನಿಮ್ಮ ಬಂಡವಾಳವೇ ಅವರ ಬಾವಿಗಿಳಿಯುತ್ತೆ.

ತರಬೇತಿಗೆ ಒಪ್ಪಿ ಅರ್ಜಿ ಹಾಕಿದ್ದಾರೆ. ಇನ್ನೊಬ್ಬರ ಅಂಗಡಿಯಲ್ಲಿ ದುಡಿಯೋ ಮಾತಿಗೆ ಮಾತ್ರ ಇನ್ನೂ ಒಪ್ಪಿಲ್ಲ. ನಾನೂ ಒತ್ತಾಯ ಮಾಡಿಲ್ಲ. ತರಬೇತಿ ಮುಗಿದ ಮೇಲೂ ಆರ್‌ಸೆಟಿಯವರು ಎರಡು ವರ್ಷ ಸಂಪರ್ಕದಲ್ಲಿರುತ್ತಾರೆ, ಆ ಮಾತು ಆಗ ಮತ್ತೆ ಬರುತ್ತೆ.