ಅಡಿಕೆ ದುಡ್ಡು ಆಷಾಢದವರೆಗೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಅಡಿಕೆ ತೋಟವಿದೆ. ಮಂಡಿಯಿಂದ ದುಡ್ಡು ಬಂದಾಗ ಕೈತುಂಬ, ಆಷಾಢ ಬರುವಷ್ಟರಲ್ಲಿ ಕೈಸಾಲ. ಏನು ಮಾಡಲಿ?

ಉತ್ತರ: ದುಡ್ಡು ಬಂದ ದಿನವೇ ತೋಟದ ಪಾಲು ತೆಗೆದಿಡಿ: ಗೊಬ್ಬರ, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು, ಸೊಸೈಟಿಯ ಬೆಳೆಸಾಲ. ಲೆಕ್ಕ ತಪ್ಪುವುದು ಹೆಚ್ಚಾಗಿ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗದ ಔಷಧಿಯಲ್ಲಿ. ಮಳೆಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಸಲೇಬೇಕು. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣದ ಜೊತೆ ಮರ ಹತ್ತುವವರ ಕೂಲಿಯನ್ನೂ ಸೇರಿಸಿ. ಮಕ್ಕಳ ಶಾಲೆ ಫೀಸೂ ಅದೇ ಹೊತ್ತಿಗೆ ಬರುತ್ತದೆ.

ಉದಾಹರಣೆಗೆ, ವರ್ಷಕ್ಕೆ ಬಂದ 3,60,000 ರೂಪಾಯಿಯಲ್ಲಿ ಇದಕ್ಕೆಲ್ಲ 1,80,000 ಹೋದರೆ ಉಳಿದದ್ದು ತಿಂಗಳಿಗೆ 15,000. ಅದನ್ನು ಬೇರೆ ಖಾತೆಯಲ್ಲಿಟ್ಟು, ಪ್ರತಿ ತಿಂಗಳ 1ನೇ ತಾರೀಖು 13,000 ಮನೆಖಾತೆಗೆ, 2,000 ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಆ ಖಾತೆಗೆ ಎಟಿಎಂ ಕಾರ್ಡ್, ಫೋನ್‌ಪೇ ಖಂಡಿತ ಬೇಡ. ಆರ್‌ಡಿ ಆಸ್ಪತ್ರೆಯಂಥ ಆಪತ್ತಿಗೆ ಮಾತ್ರ. ಮದುವೆಮನೆ ಉಡುಗೊರೆಗೆ ಅದನ್ನು ಮುರಿಯಬೇಡಿ.